ಹೊಗೆಯಲ್ಲಿ ನಿಂತ ಕುರಿ

ಅರ್ಧ ಕುರಿಗಳ ಎದೆ ಕೇಳಿ ಮುಗಿದಿತ್ತು. ಅನಸೂಯಾ ಒಂದು ಮೊಣಕಾಲನ್ನು ನೆಲಕ್ಕೂರಿ, ಎಡಗೈಯಿಂದ ಮುಂದಿನ ಕುರಿಯ ಗದ್ದ ಎತ್ತಿ ಹಿಡಿದು, ಮುಂಗಾಲಿನ ಹಿಂದೆ ಉಣ್ಣೆ ತೆಳುವಾಗಿರುವ ಜಾಗದಲ್ಲಿ ಸ್ಟೆತಸ್ಕೋಪು ಒತ್ತಿದಳು. ಒಳಗೆ ಗಾಳಿ ಹೋಗಿ ಬರುವ ಸದ್ದು, ದೂರದಲ್ಲಿ ಯಾರೋ ಜೋಳ ಕೇರುತ್ತಿರುವ ಹಾಗೆ. ಸರಿಯಾಗಿದೆ. ಬೆನ್ನು ತಟ್ಟಿ ಬಿಟ್ಟಳು.

"ಬಾಯಾರ, ಹದಿನಾಕನೇದ್ದು ದಿನಾ ಕಡೀಕ ಯಾಕ ನೋಡ್ತೀರಿ?" ಕೊಟ್ಟಿಗೆ ಗುಡಿಸುತ್ತಿದ್ದ ಫಕ್ಕೀರವ್ವ ಕೇಳಿದಳು.

"ಕಡೀಕ ನೋಡಿದ್ರ ಪುರಸತ್ತು ಸಿಗತೈತಿ."

"ಪುರಸತ್ತಲ್ಲರಿ, ಪಿರೀತಿ. ನಾನೂ ಕಡೀ ಮಗನ್ನ ಹಿಂಗ ನೋಡೇನಿ. ಅದಕ್ಕ ಅಂವ ಕೆಟ್ಟ."

ಅನಸೂಯಾ ನಕ್ಕಳು. ಅಷ್ಟರಲ್ಲಿ ಹದಿನಾಲ್ಕನೆಯದು ತಾನೇ ನಡೆದು ಬಂದು ಅವಳ ಭುಜಕ್ಕೆ ಮೂಗು ತಾಗಿಸಿ ನಿಂತಿತು. ಕರಿಮುಖದ ಹೆಣ್ಣು ಕುರಿ, ವರ್ಷ ದಾಟಿದೆ. ದಿನ ತುಂಬುವ ಬಹಳ ಮೊದಲೇ ತಾಯಿಯ ಹೊಟ್ಟೆ ಕುಯ್ದು ಅದನ್ನು ಹೊರತೆಗೆದವಳು ಅನಸೂಯಾಳೇ. ಆಗ ಅದು ಅವಳ ಅಂಗೈ ಮೇಲೆ ಒದ್ದೆ ವಸ್ತ್ರದಂತೆ ಜೋತುಬಿದ್ದಿತ್ತು. ಉಣ್ಣೆ ಇರಲಿಲ್ಲ, ಕಣ್ಣು ತೆರೆದಿರಲಿಲ್ಲ. ಈಗ ಅವಳ ಸೆರಗಿನ ತುದಿಯನ್ನು ಅಗಿಯುತ್ತಿದೆ.

ಧಾರವಾಡದ ಹೊರಗೆ ಎರೆಹೊಲಗಳ ನಡುವೆ ಇದ್ದ ಆ ಕೇಂದ್ರದಲ್ಲಿ ನಡೆಯುತ್ತಿದ್ದುದು ಕುರಿಗಳ ಕೆಲಸವಲ್ಲ, ಕೂಸುಗಳ ಕೆಲಸ. ದಿನ ತುಂಬದೆ ಹುಟ್ಟಿದ ಕೂಸಿನ ಶ್ವಾಸಕೋಶದೊಳಗೆ ಸಾಬೂನಿನ ನೊರೆಯಂಥ ಒಂದು ತೆಳುಪೊರೆ ಇನ್ನೂ ತಯಾರಾಗಿರುವುದಿಲ್ಲ. ಅದಿಲ್ಲದಿದ್ದರೆ ಗಾಳಿಯ ಸಣ್ಣ ಸಣ್ಣ ಚೀಲಗಳು ಒದ್ದೆ ಪ್ಲಾಸ್ಟಿಕ್‌ನಂತೆ ಅಂಟಿಕೊಳ್ಳುತ್ತವೆ. ಯಂತ್ರದಿಂದ ಗಾಳಿ ನೂಕಿದರೆ ಬಿಚ್ಚುತ್ತವೆ, ಆದರೆ ನೂಕಿದ್ದಕ್ಕೇ ಗಾಯವಾಗುತ್ತದೆ. ಗಾಯ ಕಂಡ ಮೈ ಬೆಂಕಿ ಬಿತ್ತೆಂದು ಕೂಗಿಕೊಳ್ಳುತ್ತದೆ. ಆರಿಸಲು ಓಡಿಬಂದವರ ಕಾಲ್ತುಳಿತಕ್ಕೇ ಮನೆ ಕುಸಿಯುತ್ತದೆ. ಉರಿಯೂತ ಅಂದರೆ ಅದು. ಪೊರೆಯನ್ನು ಹೊರಗಿನಿಂದ ಕೊಡುವ ಔಷಧ ಮೊದಲಿನಿಂದಲೂ ಇತ್ತು. ಡಾಕ್ಟರ್ ಶೆಟ್ಟರ್ ಅದಕ್ಕೆ ಇನ್ನೊಂದು ವಸ್ತುವನ್ನು ಬೆರೆಸಿದ್ದರು. ಅದು ಶ್ವಾಸಕೋಶದ ಗೋಡೆಯಲ್ಲಿ ಕೂತು ಆ ಕೂಗನ್ನೇ ಅಡಗಿಸುತ್ತಿತ್ತು. ಉಸಿರುನಾಳಕ್ಕೆ ಹನಿಹನಿಯಾಗಿ ಹಬೆಯಂತೆ ಬಿಡುವ ಈ ಔಷಧಕ್ಕೆ ಕಾಗದದ ಮೇಲೆ ಒಂದು ಸಂಖ್ಯೆಯಿತ್ತು. ಕೇಂದ್ರದಲ್ಲಿ ಎಲ್ಲರೂ ಅದನ್ನು ಮಂಜು ಎಂದೇ ಕರೆಯುತ್ತಿದ್ದರು. ಕೆಲವು ವಾರ ಕೆಲಸ ಮಾಡಿ ಅದು ಕರಗಿಹೋಗಬೇಕು. ಹಾಗೆಂದು ಲೆಕ್ಕ.

ಮಂಜು ಎಷ್ಟು ಒಳ್ಳೆಯದೆಂದು ತಿಳಿಯಬೇಕಾದರೆ ಮಂಜು ಕೊಡದ ಮರಿಗಳೂ ಬೇಕಿದ್ದವು. ಅವು ಪಕ್ಕೆಯನ್ನು ಒಳಗೆ ಎಳೆದುಕೊಂಡು, ಬಾಯಿ ತೆರೆದು, ಪ್ರತಿ ಉಸಿರಿಗೂ ಮೈಯೆಲ್ಲ ನಡುಗಿಸುತ್ತಿದ್ದವು. ನಿಯಮದ ಪ್ರಕಾರ ಏನನ್ನೂ ಕೊಡುವಂತಿರಲಿಲ್ಲ. ಅನಸೂಯಾ ಪಶುವೈದ್ಯೆ, ಅವಳ ಕೈಯಲ್ಲಿ ಆಗುತ್ತಿದ್ದುದು ಅವುಗಳ ಗದ್ದದ ಕೆಳಗೆ ಅಂಗೈ ಇಟ್ಟು ತಲೆಯನ್ನು ಎತ್ತಿ ಹಿಡಿಯುವುದಷ್ಟೇ. ಎಷ್ಟೋ ಸಲ ಮರಿ ಸತ್ತಮೇಲೂ ಕೈ ತೆಗೆಯಲು ಅವಳಿಗೆ ತಿಳಿಯುತ್ತಿರಲಿಲ್ಲ. ಮನೆಗೆ ಹೋಗಿ ರೊಟ್ಟಿ ತಟ್ಟುವಾಗ ಅದೇ ಅಂಗೈ.

ಮಂಜು ಪಡೆದ ಆರು ಮರಿಗಳನ್ನು ಮಾತ್ರ ಮುಂದೆ ಹೇಗೆ ಬೆಳೆಯುತ್ತವೆಂದು ನೋಡಲು ಇಟ್ಟುಕೊಂಡಿದ್ದರು. ನಾಲ್ಕನ್ನು ಅವಧಿ ಮುಗಿದಾಗ ಕೊಂದು ಪರೀಕ್ಷೆ ಮಾಡಿದರು, ಶ್ವಾಸಕೋಶ ಅಚ್ಚುಕಟ್ಟಾಗಿತ್ತು. ಒಂಬತ್ತನೆಯ ನಂಬರಿನದು ಈ ಮಳೆಗಾಲದಲ್ಲಿ ಸತ್ತಿತು. ಹಿಂದಿನ ಸಂಜೆಯವರೆಗೆ ಮೇವು ತಿಂದಿತ್ತು. ಆ ವಾರವೆಲ್ಲ ರಜೆಯಲ್ಲಿದ್ದ ಅನಸೂಯಾ ಮರಳಿದ ಬೆಳಿಗ್ಗೆ ನೋಡಿದರೆ ಮಲಗಿದ ಜಾಗದಲ್ಲೇ ತಣ್ಣಗಾಗಿತ್ತು. ಎದೆ ಕುಯ್ದಾಗ ಒಂದು ಕಡೆಯ ಶ್ವಾಸಕೋಶ ಪೂರ್ತಿ ಕೀವು. ಅಷ್ಟು ಕೀವಾಗುವವರೆಗೆ ಯಾವ ಕುರಿಯೂ ಸುಮ್ಮನಿರುವುದಿಲ್ಲ. ಕೆಮ್ಮುತ್ತದೆ, ಮೂಗು ಸುರಿಸುತ್ತದೆ, ಮೈ ಬಿಸಿಯಾಗುತ್ತದೆ. ಒಂಬತ್ತನೆಯದು ಒಮ್ಮೆಯೂ ಕೆಮ್ಮಿರಲಿಲ್ಲ.

ಮಂಜು ಪಡೆದವುಗಳಲ್ಲಿ ಉಳಿದದ್ದು ಹದಿನಾಲ್ಕನೆಯದೊಂದೇ. ಕೊಟ್ಟಿಗೆಯ ಬಾಕಿ ಕುರಿಗಳೆಲ್ಲ ಮರಿಗಳಿಗಾಗಿ ಸಾಕಿದ ತಾಯಿಗಳು.

"ಶೆಟ್ಟರ್ ಸಾಹೇಬ್ರು ಕರಿಯಾಕ್ಹತ್ತಾರ್ರಿ," ಎಂದಳು ಫಕ್ಕೀರವ್ವ. "ಮುಖ ಭಾಳ ಖುಷಿ ಐತಿ. ಪೇಢೆ ತರಿಸ್ಯಾರ."

*

ಶೆಟ್ಟರ್ ನಿಜವಾಗಿಯೂ ಪೇಢೆಯ ಡಬ್ಬಿ ಮುಂದಿಟ್ಟುಕೊಂಡು ಕುಳಿತಿದ್ದರು. ನಿವೃತ್ತಿಗೆ ಹತ್ತಿರವಾದ ಮಕ್ಕಳ ಡಾಕ್ಟರು. ಕೂಸುಗಳ ವಾರ್ಡಿನಲ್ಲಿ ಅರ್ಧ ಆಯುಷ್ಯ ಕಳೆದವರು.

"ತಗೋರಿ ಅನಸೂಯಾಬಾಯಿ. ಸೋಮವಾರ ಸಮಿತಿಯವರು ಬರ್ತಾರ. ಒಪ್ಪಿಗಿ ಆತಂದ್ರ ಬರೋ ವರ್ಷದಿಂದ ಎಲ್ಲಾ ಜಿಲ್ಲಾ ಆಸ್ಪತ್ರಿಗೂ ಮಂಜು ಹೋಗತೈತಿ."

"ಚಲೋ ಆತ್ರಿ ಸರ್."

"ನೀವು ಒಂದು ಮಾತು ಹೇಳಬೇಕು ಅಷ್ಟ. ಔಷಧ ತಗೊಂಡ ಕುರಿಗಳ ನಡವಳಿಕಿಯೊಳಗ ಏನೂ ಫರಕ ಕಂಡಿಲ್ಲ ಅಂತ. ಅದು ಪಶುವೈದ್ಯರ ಬಾಯಿಂದನ ಬರಬೇಕು. ಅಂದಂಗ, ಸಮಿತಿ ಮುಗಿದ ಮ್ಯಾಲೆ ಆ ಕಡೀ ಕುರೀನ್ನೂ ಮುಗಿಸಿಬಿಡ್ರಿ. ಇಟ್ಕೊಂಡು ಏನು ಮಾಡೂದು?"

ಪೇಢೆ ಅವಳ ಬೆರಳುಗಳ ನಡುವೆ ಪುಡಿಯಾಗುತ್ತಿತ್ತು. "ಸರ್, ಒಂಬತ್ತನೇದ್ದು..."

"ಕುರಿಗೆ ನ್ಯುಮೋನಿಯಾ ಬರೂದಿಲ್ಲೇನ್ರಿ? ಮಳಿಗಾಲ ಇತ್ತು."

"ಬರತೈತ್ರಿ. ಆದ್ರ ಕೆಮ್ಮಲಿಲ್ಲ ಅದು."

ಶೆಟ್ಟರ್ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಕೈಯಾಗ ಹಿಡಕೊಂಡು ಮಣ್ಣಿಗೆ ಕಳಿಸಿದ ಕೂಸುಗಳು ಎಷ್ಟು ಅಂತ ನಿಮಗ ಗೊತ್ತಿಲ್ಲ. ಒಂದು ಕುರಿ ಕೆಮ್ಮಲಿಲ್ಲ ಅಂತ ಎಲ್ಲಾ ನಿಲ್ಲಸೂಣೇನು? ಬ್ಯಾರೆ ಯಾರರೆ ಅನುಮಾನ ಪಟ್ರ ಒಪ್ಪಬಹುದು. ನಿಮ್ಮ ಮೊಮ್ಮಗಳೇ ಸಾಕ್ಷಿ ಅದಾಳಲ್ಲ."

ಅನಸೂಯಾ ಪೇಢೆಯ ಪುಡಿಯನ್ನು ಬಾಯಿಗೆ ಹಾಕಿಕೊಂಡು ಎದ್ದಳು.

*

ಹೋದ ವರ್ಷದ ಖಂಡೇನವಮಿ. ಆ ದಿನ ಆಯುಧಗಳಿಗೆ ವಿಶ್ರಾಂತಿಯೆಂದು ಕೇಂದ್ರದಲ್ಲಿ ಆಗುವಷ್ಟು ಯಂತ್ರಗಳನ್ನೆಲ್ಲ ಆರಿಸಿ, ತೊಳೆದು, ವೆಂಟಿಲೇಟರುಗಳಿಗೆ ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದ್ದರು. ಕೊಟ್ಟಿಗೆಯ ಗಾಳಿ ಎಳೆಯುವ ಫ್ಯಾನುಗಳೂ ಪೂಜೆಗೆ ಕುಳಿತಿದ್ದವು. ಫಕ್ಕೀರವ್ವ ಲೋಬಾನದ ತಟ್ಟೆ ಹಿಡಿದು ಕೊಟ್ಟಿಗೆಯ ಕಡೆ ಹೊರಟಾಗ ಯಾರೋ ತಡೆದರು.

"ಮಿಶನ್ನಿಗೆ ಪೂಜಿ, ಜೀಂವಾ ಕೊಡೂ ಮರಿಗೆ ಏನಿಲ್ಲೇನ್ರಿ?" ಎಂದಳು ಅವಳು. ಎಲ್ಲರೂ ನಕ್ಕು ದಾರಿ ಬಿಟ್ಟರು. ತಡೆಯಬೇಕಾದವಳು ಅನಸೂಯಾ, ಅವಳೂ ನಕ್ಕಳು.

ಫ್ಯಾನಿಲ್ಲದ ಕೊಟ್ಟಿಗೆಯಲ್ಲಿ ಹೊಗೆ ತುಂಬಿಕೊಂಡಿತು. ದೊಡ್ಡ ಕುರಿಗಳೆಲ್ಲ ಕೆಮ್ಮುತ್ತ, ಸೀನುತ್ತ ಬಾಗಿಲಿಗೆ ನುಗ್ಗಿದವು. ಮಂಜು ಪಡೆದ ಆರು ಮರಿಗಳು ಇದ್ದಲ್ಲೇ ನಿಂತವು. ಹದಿನಾಲ್ಕನೆಯದಂತೂ ತಟ್ಟೆಯ ಹತ್ತಿರ ಬಂದು, ಹೊಗೆಯೊಳಗೆ ಮೂಗು ಚಾಚಿ, ಬಾಲ ಅಲ್ಲಾಡಿಸಿತು.

"ಇದ ನೋಡ್ರಿ ಮಂಜಿನ ಪವಾಡ! ಹೊಗಿಗೂ ಜಗ್ಗೂದಿಲ್ಲ," ಎಂದು ಶೆಟ್ಟರ್ ಮೊಬೈಲಿನಲ್ಲಿ ಫೋಟೋ ತೆಗೆದರು. ಚಪ್ಪಾಳೆ ಬಿತ್ತು.

ಹೊಗೆ ಕಂಡು ಓಡದ ಪ್ರಾಣಿಯನ್ನು ಅನಸೂಯಾ ಅದುವರೆಗೆ ನೋಡಿರಲಿಲ್ಲ. ಕರಗಿಹೋಗಬೇಕಾದದ್ದು ಕರಗಿಲ್ಲ; ಉರಿಯೂತದ ಕೂಗಿನ ಜೊತೆ ಬೇರೆ ಏನನ್ನೋ ಅದು ಅಡಗಿಸಿದೆ. ಆ ಮಾತು ನಾಲಿಗೆಯ ತುದಿಗೆ ಬರುವಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಮಗಳು ಶೈಲಾಳಿಗೆ ಏಳನೆಯ ತಿಂಗಳಿಗೇ ನೋವು ಬಂದು ಆಸ್ಪತ್ರೆಗೆ ಸೇರಿಸಿದ್ದರು.

ಮಂಜಿನ ಪ್ರಯೋಗ ಕೂಸುಗಳ ಮೇಲೆ ಶುರುವಾಗಿದ್ದ ಆಸ್ಪತ್ರೆಯೇ ಅದು. ಸಂಜೆ ಗಾಜಿನ ಪೆಟ್ಟಿಗೆಯೊಳಗೆ ಒಂದು ಕೆಂಪು ಜೀವ ಪಕ್ಕೆಯನ್ನು ಒಳಗೆ ಎಳೆದುಕೊಂಡು, ಬಾಯಿ ತೆರೆದು, ಮೈಯೆಲ್ಲ ನಡುಗಿಸುತ್ತಿತ್ತು. ಅನಸೂಯಾಳಿಗೆ ಆ ಉಸಿರಿನ ಗುರುತಿತ್ತು. ಅದರ ಮುಂದಿನ ಗಂಟೆಗಳೂ ಗೊತ್ತಿದ್ದವು. ಅಳಿಯ ಗೋಡೆಗೆ ಆತು ನಿಂತಿದ್ದ. ಶೆಟ್ಟರ್ ಫೋನಿನಲ್ಲಿ ಕೇಳಿದರು: "ಕೊಡೂಣೇನ್ರಿ?"

"ಕೊಡ್ರಿ," ಎಂದಳು.

ಆ ಒಂದು ಶಬ್ದದ ಬಗ್ಗೆ ಅವಳಿಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಇವತ್ತು ಕೇಳಿದರೂ ಅದನ್ನೇ ಹೇಳುತ್ತಾಳೆ. ಕೊರೆಯುತ್ತಿದ್ದುದು ಆಮೇಲಿನ ಮೌನ. ಕೂಸು ಬದುಕಿತು, ಮನೆಗೆ ಬಂತು, ಚಿನ್ಮಯಿ ಎಂದು ಹೆಸರಿಟ್ಟರು. ಮಂಜು ಸರಿಯಾಗಿಯೇ ಇರಬೇಕೆಂದು ಅಜ್ಜಿಗೆ ಬೇಕಾಗಿತ್ತು. ಅದಕ್ಕೇ ಪಶುವೈದ್ಯೆ ತಾನು ಕಂಡದ್ದನ್ನು ಕಾಣಲಿಲ್ಲವೆಂದು ಮಾಡಿಕೊಂಡಳು. ಮತ್ತೊಮ್ಮೆ ಹೊಗೆ ಹಾಕಿ ನೋಡಲಿಲ್ಲ. ಯಾರಿಗೂ ಹೇಳಲಿಲ್ಲ. ಆ ಒಂದು ವರ್ಷದಲ್ಲಿ ಇನ್ನೂ ಎಷ್ಟೋ ಕೂಸುಗಳ ಎದೆಗೆ ಮಂಜು ಇಳಿಯಿತು.

*

ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಮಗಳ ಮನೆಗೆ ಹೋಗುವುದು ರೂಢಿ. ಬಾಗಿಲಲ್ಲೇ ಲೋಬಾನದ ವಾಸನೆ. ಬೀಗಿತ್ತಿ ಗುರುಸಿದ್ದವ್ವ ಮೊಮ್ಮಗಳಿಗೆ ಎರೆದು, ಅಗ್ಗಿಷ್ಟಿಗೆಯ ಕೆಂಡದ ಮೇಲೆ ಲೋಬಾನ ಚೆಲ್ಲಿ, ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂದಲಿಗೆ ಹೊಗೆ ಹಿಡಿಸುತ್ತಿದ್ದಳು. ಅವಳ ಕಣ್ಣಿನಿಂದಲೇ ನೀರು ಸುರಿಯುತ್ತಿತ್ತು. ಚಿನ್ಮಯಿ ಹೊಗೆಯ ಸುರುಳಿಯನ್ನು ಹಿಡಿಯಲು ಕೈ ಚಾಚಿ ನಗುತ್ತಿದ್ದಳು.

"ಬರ್ರಿ ಅಕ್ಕಾರ. ನೋಡ್ರಿ ನಿಮ್ಮ ಮೊಮ್ಮಗಳ್ನ. ನನ್ನ ಮಗ ಸಣ್ಣಾಂವಿದ್ದಾಗ ಹೊಗಿ ಹಾಕಿದ್ರ ಓಣಿ ತುಂಬ ಕೇಳೂ ಹಂಗ ಒದರತಿದ್ದ. ಇದು ನಗತೈತಿ."

"ಸಾಕ್ರಿ, ಹೊಗಿ ಭಾಳ ಆತು," ಎಂದು ಅನಸೂಯಾ ಕಿಟಕಿ ತೆರೆದಳು.

"ಹತ್ತು ಮಕ್ಕಳಿಗೆ ಹಾಕಿದ ಕೈರಿ ಇದು. ನೀವು ಡಾಕ್ಟರ ಖರೆ, ಆದ್ರ ಕುರಿ ಡಾಕ್ಟರ." ಗುರುಸಿದ್ದವ್ವ ತನ್ನ ಮಾತಿಗೆ ತಾನೇ ನಕ್ಕಳು. ಕೆಮ್ಮು ಬಂದು ನಗು ಅರ್ಧಕ್ಕೆ ನಿಂತಿತು.

ಶೈಲಾ ಒಳಗಿನಿಂದ ಚಹಾ ತಂದಳು. "ಅವ್ವಾ, ಸುಮ್ನ ಕೂಡು. ಬಂದಾಗೊಮ್ಮೆ ಕಿಟಕಿ ತಗೀತಿ."

"ಕೂಸಿಗೆ ಈ ವಾರ ನೆಗಡಿ ಏನರೆ ಬಂದಿತ್ತೇನು?"

"ಹುಟ್ಟಿದಾಗಿಂದ ಒಂದ ಸಲಾನೂ ಇಲ್ಲ. ಬಾಜೂ ಮನಿ ಕೂಸು ವಾರಕ್ಕೊಮ್ಮೆ ದವಾಖಾನಿ. ನಮ್ಮಾಕಿ ಒಂದು ಸೀನು ಸುದ್ದಾ ಸೀನಿಲ್ಲ." ಶೈಲಾಳ ಮುಖದಲ್ಲಿ ಹೆಮ್ಮೆಯಿತ್ತು. ಒಂದು ವರ್ಷ ಹೆದರಿ ಹೆದರಿ ಈಗಷ್ಟೇ ಸಡಿಲಾದ ಮುಖ. "ಎಲ್ಲಾ ನಿನ್ನ ಔಷಧದ್ದ ಪುಣ್ಯ ಅವ್ವಾ."

ಅನಸೂಯಾ ಮೊಮ್ಮಗಳನ್ನು ಎತ್ತಿಕೊಂಡು ಬೆನ್ನಿಗೆ ಕಿವಿಯಿಟ್ಟಳು. ಜೋಳ ಕೇರುವ ಸದ್ದು, ಶುದ್ಧವಾಗಿ. ಇವತ್ತು ಏನೂ ಇಲ್ಲ. ಮುಂದೊಂದು ದಿನ ಒಳಗೆ ಏನಾದರೂ ಶುರುವಾದರೆ ಈ ಕೂಸು ಯಾರಿಗೂ ಹೇಳುವುದಿಲ್ಲ. ಜಾಣಿಯಾಗಿ, ಸುಮ್ಮನೆ, ನಗುನಗುತ್ತ ಮಲಗುತ್ತದೆ. ಬೆಳಿಗ್ಗೆ ಎಬ್ಬಿಸಲು ಹೋದವರು...

ಚಹಾ ಆರಿತು. ಶೈಲಾ ಬೈದು ಮತ್ತೆ ಬಿಸಿ ಮಾಡಿ ತಂದಳು.

*

ಮರುದಿನ ಶನಿವಾರ. ಶೆಟ್ಟರ್ ಊರಲ್ಲಿರಲಿಲ್ಲ. ಅನಸೂಯಾ ಹದಿನಾಲ್ಕನೆಯದನ್ನು ಬೇರೆ ಮಾಡಿ ಹಿತ್ತಲಿನ ಖಾಲಿ ದೊಡ್ಡಿಗೆ ಹೊಡೆದುಕೊಂಡು ಹೋದಳು. ಫಕ್ಕೀರವ್ವನಿಂದ ಕೆಂಡ ತರಿಸಿದಳು.

"ಈಗ್ಯಾವ ಪೂಜಿರಿ ಬಾಯಾರ? ನವಮಿಗೆ ಇನ್ನೂ ತಿಂಗಳ ಐತಿ."

"ಕುರಿಗೆ ನುಸಿ ಕಡಿಯಾಕ್ಹತ್ತಾವ."

"ಹಾಡೇ ಹಗಲ ನುಸಿ," ಎಂದು ಫಕ್ಕೀರವ್ವ ಹುಬ್ಬೇರಿಸಿ, ಲೋಬಾನ ಚೆಲ್ಲಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ದೂರ ಕುಳಿತಳು.

ಹೊಗೆ ಎದ್ದಿತು. ಹದಿನಾಲ್ಕನೆಯದು ಅದರ ನಡುವೆ ನಿಂತು ಅನಸೂಯಾಳನ್ನೇ ನೋಡುತ್ತ ಮೆಲುಕು ಹಾಕಿತು. ಒಂದು ವರ್ಷವಾದರೂ ಮಂಜು ಕರಗಿರಲಿಲ್ಲ. ಇನ್ನು ಕರಗುವುದೂ ಇಲ್ಲವೇನೋ. ಅವಳಿಗೆ ಬೇಕಾದ ಉತ್ತರ ಸಿಕ್ಕಿತ್ತು. ಹಿಂದೆಯೂ ಸಿಕ್ಕಿತ್ತು. ಈ ಸಲ ಜೊತೆಗೆ ನಗಲು ಯಾರೂ ಇರಲಿಲ್ಲ, ಅಷ್ಟೇ.

ಕೆಂಡಕ್ಕೆ ನೀರು ಹಾಕಬೇಕೆಂದು ತಿರುಗಿದಳು. ಅಷ್ಟರಲ್ಲಿ ಮೇಯಲು ಬಿಟ್ಟಿದ್ದ ಉಳಿದ ಕುರಿಗಳು, ತಮ್ಮ ಜೊತೆಗಾತಿಯನ್ನು ಹುಡುಕಿಕೊಂಡೋ ಏನೋ, ತೆರೆದ ಬಾಗಿಲಿನಿಂದ ದೊಡ್ಡಿಯೊಳಗೆ ನುಗ್ಗಿದವು. ಹೊಗೆ ತಾಗಿದ ಕೂಡಲೇ ಮುಂದಿನ ಕುರಿ ಕೆಮ್ಮಿತು. ಇನ್ನೊಂದು ಸೀನಿತು. ಎಲ್ಲವೂ ಗೋಡೆಯಂಚಿಗೆ, ಗಾಳಿ ಬರುವ ಕಡೆಗೆ ತಿರುಗಿದವು.

ಹದಿನಾಲ್ಕನೆಯದು ಮೆಲುಕು ನಿಲ್ಲಿಸಿತು. ಕೆಮ್ಮಿದ ಕುರಿಯತ್ತ ಕಿವಿ ನಿಗುರಿಸಿತು. ಹೊಗೆಯನ್ನು ನೋಡಿತು, ಮತ್ತೆ ಆ ಕುರಿಯನ್ನು ನೋಡಿತು. ಆಮೇಲೆ, ತನಗೆ ಏನೂ ಆಗದಿದ್ದರೂ, ಎಲ್ಲರ ಹಿಂದೆ ತಾನೂ ನಡೆದು ಗೋಡೆಯ ಬಳಿ ನಿಂತಿತು. ಹೋದ ನವಮಿಯಂದು ಎಳೆಮರಿಯಾಗಿ ಕಲಿಯದ್ದನ್ನು ಈಗ ಉಳಿದವುಗಳ ಕೆಮ್ಮಿನಿಂದ ಕಲಿತಿತ್ತು.

ಅನಸೂಯಾ ಹೊಗೆಯಲ್ಲೇ ನಿಂತುಬಿಟ್ಟಳು. ಅವಳಿಗೂ ಕೆಮ್ಮು ಬಂತು. ಕುರಿ ತಲೆ ಎತ್ತಿ ಅವಳನ್ನೂ ನೋಡಿತು.

"ಈಚೆ ಬರ್ರಿ ಬಾಯಾರ, ಕುರಿಗಿರೂ ಬುದ್ಧಿ ನಿಮಗಿಲ್ಲ," ಎಂದಳು ಫಕ್ಕೀರವ್ವ.

*

ಭಾನುವಾರ ಚಿನ್ಮಯಿಗೆ ತಲೆಗೆರೆಯುವ ದಿನ. ಅನಸೂಯಾ ಮಧ್ಯಾಹ್ನವೇ ಬಂದು ಕುಳಿತಿದ್ದಳು. ಮಗಳ ಜೊತೆ ಮೆಂತ್ಯ ಸೊಪ್ಪು ಬಿಡಿಸಿದಳು, ಅಳಿಯ ತಂದ ಮಂಡಕ್ಕಿ ತಿಂದಳು. ಏನು ಮಾಡುತ್ತಿದ್ದರೂ ಒಳಗೆ ಒಂದೇ ವಾದ ನಡೆದಿತ್ತು.

ನಾಳೆ ಅವಳು ನೋಡಿದ್ದನ್ನು ಹೇಳಿದರೆ ಮಂಜು ನಿಂತುಹೋಗಬಹುದು. ನಿಂತರೆ, ಪಕ್ಕೆ ಒಳಗೆಳೆದುಕೊಳ್ಳುವ ಯಾವುದೋ ಕೂಸಿನ ಗದ್ದದ ಕೆಳಗೆ ಯಾವುದೋ ಅಜ್ಜಿ ಸುಮ್ಮನೆ ಅಂಗೈ ಇಟ್ಟು ಕೂರಬೇಕಾಗುತ್ತದೆ. ತನ್ನದು ಬದುಕಿದ ಮೇಲೆ ಬಾಗಿಲು ಮುಚ್ಚಿದವಳು ಎಂದಾಗುತ್ತದೆ. ಹೇಳದಿದ್ದರೆ, ಮಕ್ಕಳಿಗೆ ನೆಗಡಿಯೇ ಬರುವುದಿಲ್ಲವೆಂದು ಹೆಮ್ಮೆಪಡುವ ತಾಯಂದಿರು ಊರೂರಲ್ಲಿ ಹೆಚ್ಚುತ್ತಾರೆ. ಅವರಿಗೆ ಯಾರಾದರೂ ಹೇಳಬೇಕಲ್ಲ: ಈ ಕೂಸು ಕೆಮ್ಮುವುದಿಲ್ಲ, ಅದರ ಬದಲು ನೀವು ಉಸಿರೆಣಿಸಿ, ಹಾಲು ಕಡಿಮೆ ಕುಡಿದರೆ ಕಾಯಬೇಡಿ, ಹೊಗೆ ಹಾಕಬೇಡಿ. ಇಷ್ಟೇ ಮಾತು. ಇಷ್ಟು ಗೊತ್ತಿದ್ದರೆ ಮಂಜು ಕೊಡುತ್ತಲೂ ಇರಬಹುದು. ಗೊತ್ತಿಲ್ಲದೆ ಕೊಟ್ಟರೆ ಮಾತ್ರ ಅದು ಒಂಬತ್ತನೆಯ ಕುರಿ.

ಹೇಳಿದರೆ ಯಾವಾಗ ಗೊತ್ತಾಯಿತೆಂದು ಕೇಳುತ್ತಾರೆ. ಕೇಳಲಿ ಎಂದುಕೊಳ್ಳಲು ಮಾತ್ರ ಅವಳಿಗೆ ಇಡೀ ಮಧ್ಯಾಹ್ನ ಬೇಕಾಯಿತು.

ಗುರುಸಿದ್ದವ್ವ ಅಗ್ಗಿಷ್ಟಿಗೆ ತಂದಿಟ್ಟು ಲೋಬಾನ ಚೆಲ್ಲಿದಳು.

"ಇವತ್ತು ನಾ ಹಿಡೀತೇನ್ರಿ ಕೂಸನ್ನ," ಎಂದು ಅನಸೂಯಾ ಮೊಮ್ಮಗಳನ್ನು ತೊಡೆಯ ಮೇಲೆ ತೆಗೆದುಕೊಂಡಳು. ಬೆಚ್ಚಗಿನ ಒದ್ದೆ ತಲೆ ಅವಳ ಎದೆಗೆ ಒರಗಿತು. ಹೊಗೆ ಮೇಲೇರಿ ಮುಖಕ್ಕೆ ಬಂದಿತು. ಚಿನ್ಮಯಿ ಕೈ ಚಾಚಿದಳು.

ಅನಸೂಯಾ ಕೆಮ್ಮಿದಳು. ಮೊದಲನೆಯದು ಸುಳ್ಳು ಕೆಮ್ಮು, ಶಾಲೆಯ ನಾಟಕದಲ್ಲಿ ಕೆಮ್ಮಿದ ಹಾಗೆ. ಸೆರಗಿನಿಂದ ಮೂಗು ಮುಚ್ಚಿ, ಮುಖ ಕಿವುಚಿ, ಕೂಸನ್ನೆತ್ತಿಕೊಂಡು ಅಂಗಳಕ್ಕೆ ಹೋದಳು. ತಿರುಗಿ ಬಂದು ಕುಳಿತಳು. ಹೊಗೆ ಬಂದಾಗ ಮತ್ತೆ ಕೆಮ್ಮಿ, ಮತ್ತೆ ಎದ್ದು ಹೋದಳು.

"ಏನ್ ಆಟ ನಡಸೀರಿ ಅಕ್ಕಾರ? ಕೂಡ್ರಿ ಒಂದ ಕಡೆ," ಎಂದಳು ಗುರುಸಿದ್ದವ್ವ.

"ಹೊಗಿ ತಡಿಯಾಕ ಆಗವಲ್ದರಿ ನನಗ."

"ಹಂಗಾರ ಅಗ್ಗಿಷ್ಟಿಗಿ ಹೊರಗ ಇಡ್ಲೇನು?"

"ಇನ್ನ ಒಂದ ಸಲ ಇರ್ಲಿ. ಆಮ್ಯಾಲೆ ದಿನಾ ಹೊರಗ ಇಡ್ರಿ. ನನ್ನ ಸಲುವಾಗಿ."

ಮತ್ತೆ ಬಂದು ಕುಳಿತಾಗ ಕೆಮ್ಮು ನಿಜವಾಗಿಯೂ ಬಂತು. ಗಂಟಲು ಹರಿದು, ಕಣ್ಣಲ್ಲಿ ನೀರು ಬಂದು, ಉಸಿರು ಹಿಡಿಯಿತು. ಚಿನ್ಮಯಿ ಚಾಚಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದಳು. ಅಜ್ಜಿಯ ಮುಖ ನೋಡಿದಳು. ಹೊಗೆಯನ್ನು ನೋಡಿದಳು. ಮತ್ತೆ ಅಜ್ಜಿಯನ್ನು ನೋಡಿ, ತುಟಿ ಕೆಳಗೆ ಮಾಡಿ, ಅವಳ ಕುತ್ತಿಗೆಯನ್ನು ಬಿಗಿಯಾಗಿ ಅಪ್ಪಿಕೊಂಡು ಮುಖ ಆಚೆ ತಿರುಗಿಸಿದಳು.

ಶೈಲಾ ನೀರು ತಂದು ಕೊಟ್ಟಳು. "ನಾಳೆ ನಿಂದು ಸಭಾ ಐತೆಲ್ಲ ಅವ್ವಾ. ಆರಾಮಿಲ್ಲಂದ್ರ ರಜಾ ಹಾಕು."

"ಇಲ್ಲ, ಹೋಗಬೇಕು."

"ಏನ್ ಮಾತಾಡೂದೈತಿ ಅಲ್ಲೆ ನಿಂದು?"

"ಒಂದು ಮಾತು ಅಷ್ಟ," ಎಂದಳು ಅನಸೂಯಾ.

ಶೈಲಾ ಲೋಟ ತೆಗೆದುಕೊಂಡು ಒಳಗೆ ಹೋದಳು. ಗುರುಸಿದ್ದವ್ವ ಗೊಣಗುತ್ತ ಅಗ್ಗಿಷ್ಟಿಗೆಯನ್ನು ಅಂಗಳಕ್ಕೆ ಒಯ್ದಳು. ಅನಸೂಯಾ ಮೊಮ್ಮಗಳ ಬೆನ್ನಿಗೆ ಅಂಗೈ ಇಟ್ಟುಕೊಂಡು ಕುಳಿತೇ ಇದ್ದಳು. ನಾಳೆ ಸಮಿತಿಯವರನ್ನು ಕುರ್ಚಿಯಲ್ಲಿ ಕೂರಲು ಬಿಡಬಾರದು. ಮೊದಲು ಹಿತ್ತಲಿನ ದೊಡ್ಡಿಗೆ, ಹದಿನಾಲ್ಕನೆಯದರ ಮುಂದೆ, ಕರೆದೊಯ್ಯಬೇಕು. ಫಕ್ಕೀರವ್ವನಿಗೆ ಕೆಂಡ ತಯಾರಿಡಲು ಬೆಳಿಗ್ಗೆಯೇ ಹೇಳಬೇಕು.